‘ಅಲ್ಲಲ್ಲಿ ಮಳೆ, ತಂಪು ಹವೆ’ ಎಂದಷ್ಟೇ ಅಚ್ಚಾದರೆ ಸಾಲದು

ಮಾನ್ಯ ಸಂಪಾದಕರೇ,

ಏಪ್ರಿಲ್, ಮೇ ತಿಂಗಳಲ್ಲಿ ಪತ್ರಿಕೆಗಳ ಹವಾಮಾನ ಅಂಕಣ ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ‘ದಕ್ಷಿಣ ಒಳನಾಡಿನಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆ, ತಾಪಮಾನ ಇಳಿಯುವ ಸಾಧ್ಯತೆ.’ ಅದನ್ನು ಓದಿದ ಪಾವಗಡದವರು ಸಂಜೆಯವರೆಗೆ ಆಕಾಶ ನೋಡಿ, ಹವಾಮಾನದವರು ಹೇಳಿದ್ದು ಮತ್ತೆ ಸುಳ್ಳಾಯಿತು ಎಂದು ಬೈಯುತ್ತಾರೆ. ಅದೇ ಹೊತ್ತಿಗೆ ಕುಣಿಗಲ್ ಕಡೆ ಬಾಳೆ ತೋಟ ನೆಲಕಚ್ಚಿರುತ್ತದೆ. ಎರಡೂ ತುಮಕೂರು ಜಿಲ್ಲೆಯವೇ, ನಡುವಿನ ದೂರ ನೂರು ಕಿಲೋಮೀಟರ್ ಮೀರುತ್ತದೆ. ಮುನ್ಸೂಚನೆಯಲ್ಲಿ ಎಷ್ಟು ಕಡೆ, ಎಷ್ಟು ಪ್ರಮಾಣ, ಎಂಥ ಗಾಳಿ ಎಂಬ ವಿವರ ಇರುತ್ತದೆ. ಜಾಗ ಉಳಿಸಲು ಪತ್ರಿಕೆಗಳು ಕತ್ತರಿಸುವುದು ಸರಿಯಾಗಿ ಆ ವಿವರವನ್ನೇ.

ಭಾರತೀಯ ಹವಾಮಾನ ಇಲಾಖೆಗೆ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಪತ್ರಿಕೆಯ ‘ಅಲ್ಲಲ್ಲಿ’ ಎಂಬ ಪದದಲ್ಲಿ ಮೊದಲ ಮೂರೂ ಕಲಸಿಹೋಗುತ್ತವೆ. ‘ಒಂದೆರಡು ಕಡೆ’ ಎಂದಿದ್ದ ದಿನ ನಾಲ್ಕು ಊರುಗಳಲ್ಲಿ ಮೂರಕ್ಕೆ ಹನಿಯೂ ಬೀಳದಿದ್ದರೆ ಮುನ್ಸೂಚನೆ ಸರಿಯಾಗಿಯೇ ಇತ್ತು ಎಂದರ್ಥ. ಜಿಲ್ಲೆಗೆ ಹಳದಿ ಅಲರ್ಟ್ ಇದೆ ಎಂದ ಮಾತ್ರಕ್ಕೆ ಜಿಲ್ಲೆಯೆಲ್ಲ ನೆನೆಯಬೇಕೆಂದೂ ಇಲ್ಲ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಪ್ರಮಾಣದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ, 64.4 ಮಿ.ಮೀ.ವರೆಗೆ ಸಾಧಾರಣ, 64.5ರಿಂದ 115.5 ಭಾರಿ, 204.4ರವರೆಗೆ ಅತಿ ಭಾರಿ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತ ಕೂಡಲೇ ‘ಭಾರಿ ಮಳೆ’ ಎಂಬ ತಲೆಬರಹ ಬರುತ್ತದೆ. ಆದರೆ ಅರ್ಧ ಗಂಟೆಯಲ್ಲಿ 40 ಮಿ.ಮೀ. ಸುರಿದರೂ ಚರಂಡಿ ಉಕ್ಕುತ್ತದೆ, ದಿನದ ಲೆಕ್ಕದಲ್ಲಿ ಅದು ಸಾಧಾರಣ ಮಳೆಯೇ. ಇನ್ನು, ಇಲಾಖೆಯ ದಿನದ ವರದಿಯಲ್ಲಿ ಪ್ರಮುಖ ಮಳೆ ಸೆಂಟಿಮೀಟರಿನಲ್ಲಿರುತ್ತದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ಮಿಲಿಮೀಟರಿನಲ್ಲಿ. ಒಂದೇ ಸುದ್ದಿಯಲ್ಲಿ ಎರಡನ್ನೂ ಬೆರೆಸಿ ಒಂದು ಊರಿಗೆ 7, ಇನ್ನೊಂದಕ್ಕೆ 38 ಎಂದು ಅಚ್ಚು ಹಾಕಿದರೆ ಹೆಚ್ಚು ಮಳೆ ಕಂಡ ಊರೇ ಬಡವಾಗಿ ಕಾಣುತ್ತದೆ. ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ ಎಂಬುದನ್ನೂ ಹೇಳಬೇಕು. ಭಾನುವಾರ ಸಂಜೆ ಸುರಿದದ್ದು ಸೋಮವಾರ ಬೆಳಗಿನ ಲೆಕ್ಕಕ್ಕೆ ಸೇರಿ ಮಂಗಳವಾರದ ಪತ್ರಿಕೆಗೆ ಬರುತ್ತದೆ. ‘ನಿನ್ನೆಯ ಮಳೆ’ ಎಂಬ ಶೀರ್ಷಿಕೆ ಆಗ ದಾರಿ ತಪ್ಪಿಸುತ್ತದೆ.

ಬೇಸಿಗೆ ಮಳೆ ಹೀಗೆ ಚದುರಿ ಬೀಳಲು ಕಾರಣವಿದೆ. ಈ ತಿಂಗಳುಗಳಲ್ಲಿ ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಪಟ್ಟೆ ಆಗಾಗ ಏರ್ಪಡುತ್ತದೆ. ಒಣಗಾಳಿಯೂ ಸಮುದ್ರದಿಂದ ಬಂದ ತೇವದ ಗಾಳಿಯೂ ಅಲ್ಲಿ ಸಂಧಿಸುತ್ತವೆ. ಮಧ್ಯಾಹ್ನದವರೆಗೆ ಕಾದ ನೆಲ ಆ ತೇವವನ್ನು ಮೇಲಕ್ಕೆ ತಳ್ಳಿದಾಗ ಮೋಡ ಹನ್ನೆರಡು ಕಿಲೋಮೀಟರ್‌ಗೂ ಎತ್ತರಕ್ಕೆ ಬೆಳೆಯುತ್ತದೆ. ಒಂದೊಂದು ಮೋಡದ ಅಗಲ ಐದು-ಹತ್ತು ಕಿಲೋಮೀಟರ್, ಆಯುಷ್ಯ ಅರ್ಧದಿಂದ ಒಂದು ಗಂಟೆ. ಮಳೆಗೆ ಅನುಕೂಲದ ವಾತಾವರಣ ಇದೆಯೇ ಎಂಬುದನ್ನು ಮೂರು-ನಾಲ್ಕು ದಿನ ಮೊದಲೇ ಹೇಳಬಹುದು. ಮೋಡ ಯಾವ ಹೋಬಳಿಯ ನೆತ್ತಿಯ ಮೇಲೆ ಕಟ್ಟುತ್ತದೆ ಎಂದು ಹಿಂದಿನ ರಾತ್ರಿ ಹೇಳಲಾಗದು. ಅದಕ್ಕಾಗಿಯೇ ಮುಂದಿನ ಮೂರು ಗಂಟೆಗೆ ಸೀಮಿತವಾದ ತಕ್ಷಣದ ಮುನ್ಸೂಚನೆ ಇದೆ. ಬೆಳಗಿನ ಪತ್ರಿಕೆ ಅದನ್ನು ಕೊಡಲಾರದು ನಿಜ, ‘ಮಧ್ಯಾಹ್ನ ಎರಡಕ್ಕೆ ಹವಾಮಾನದ ಮೌಸಮ್ ಅಥವಾ ಸಿಡಿಲಿನ ದಾಮಿನಿ ಆ್ಯಪ್ ನೋಡಿ’ ಎಂದು ಒಂದು ಸಾಲು ಸೇರಿಸಬಹುದಲ್ಲ?

ಗಾಳಿಯ ವೇಗವನ್ನಂತೂ ಯಾವ ಕಾರಣಕ್ಕೂ ಬಿಡಬಾರದು. ಬೇಸಿಗೆ ಮಳೆಯ ನಷ್ಟದಲ್ಲಿ ದೊಡ್ಡ ಪಾಲು ನೀರಿನದಲ್ಲ, ಗಾಳಿಯದು. ಮೋಡದಿಂದ ಇಳಿಯುವ ಹನಿಗಳು ದಾರಿಯಲ್ಲೇ ಆವಿಯಾಗಿ ಸುತ್ತಲ ಗಾಳಿಯನ್ನು ತಣ್ಣಗಾಗಿಸುತ್ತವೆ. ಭಾರವಾದ ಆ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಚೆಲ್ಲುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿ ಬರುವ ತಂಪು ಗಾಳಿ ಅದೇ. ಗಂಟೆಗೆ 30-40 ಕಿ.ಮೀ. ಇದ್ದರೆ ಒಣಹಾಕಿದ್ದು ಹಾರೀತು, 50-60 ಕಿ.ಮೀ. ಎಂದರೆ ಗೊನೆ ಬಿಟ್ಟ ಬಾಳೆ, ಸಡಿಲ ಶೀಟು, ರಸ್ತೆ ಬದಿಯ ಗುಲ್‌ಮೊಹರ್ ಯಾವುದಕ್ಕೂ ಖಾತ್ರಿ ಇಲ್ಲ. ಬಾಳೆಗೆ ಊರುಗೋಲು ಕೊಡುವವರು ಗೊನೆ ಬಾಗಿದ ಬದಿಯಿಂದ ಕೊಡಬೇಕು. ಶೀಟಿನ ಮೇಲೆ ಕಲ್ಲು ಹೇರುವುದಕ್ಕಿಂತ ಕೊಕ್ಕೆ ಬೋಲ್ಟ್ ಬಿಗಿ ಮಾಡುವುದು ಮೇಲು, ಹಾರುವ ಶೀಟಿನೊಂದಿಗೆ ಕಲ್ಲೂ ಹಾರುತ್ತದೆ.

ಸಿಡಿಲಿನ ಬಗ್ಗೆ ಪ್ರತಿ ಬೇಸಿಗೆಯಲ್ಲೂ ಸಾವಿನ ಸುದ್ದಿ ಬರುತ್ತದೆ, ಸಿಡಿಲು ಎಷ್ಟು ದೂರದಲ್ಲಿದೆ ಎಂದು ತಿಳಿಯುವ ಲೆಕ್ಕ ಮಾತ್ರ ಬರುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಹೊಲ ಬಿಟ್ಟು ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಬರಬಾರದು. ಒಂಟಿ ಹುಣಸೆ ಮರದಡಿ ದನ ಕಟ್ಟುವುದು, ತಂತಿಬೇಲಿಗೆ ಒರಗಿ ನಿಲ್ಲುವುದು ಎರಡೂ ಜೀವಕ್ಕೆ ಎರವು.

ರೈತರ ಮಾತಿಗೆ ಬಂದರೆ, ‘ಭರಣಿ ಮಳೆ ಧರಣಿ ಬೆಳೆ’ ಎಂಬ ಗಾದೆ ಇಂದಿಗೂ ನಡೆಯುತ್ತದೆ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಈ ಮಳೆಗೆ ಮೈಸೂರು, ಚಾಮರಾಜನಗರ, ಹಾಸನದ ಕಡೆ ಎಳ್ಳು, ಹೆಸರು, ಅಲಸಂದೆ ಬಿತ್ತುತ್ತಾರೆ. ಒಂದು ಎಕರೆಗೆ 25 ಮಿ.ಮೀ. ಮಳೆ ಎಂದರೆ ಒಂದು ಲಕ್ಷ ಲೀಟರ್ ನೀರು. ಕೇಳಲು ದೊಡ್ಡದು. ಆದರೆ ಗಟ್ಟಿಯಾದ ನೆಲದ ಮೇಲೆ ಇಪ್ಪತ್ತು ನಿಮಿಷದಲ್ಲಿ ಸುರಿದರೆ ಬಹುಪಾಲು ಹಳ್ಳ ಸೇರುತ್ತದೆ. ಅದಕ್ಕೇ ಇಳಿಜಾರಿಗೆ ಅಡ್ಡಲಾಗಿ ಮಾಗಿ ಉಳುಮೆ ಮಾಡಿದ ಹೊಲಕ್ಕೂ ಮಾಡದ ಹೊಲಕ್ಕೂ ಅಷ್ಟು ಅಂತರ. ಮಿಲಿಮೀಟರ್ ಏನೇ ಹೇಳಲಿ, ಗುದ್ದಲಿ ಹಾಕಿ ನೋಡಿ ಅರ್ಧ ಅಡಿಗೂ ತೇವ ಇಳಿಯದಿದ್ದರೆ ಬಿತ್ತಬಾರದು; ಮೊಳಕೆ ಬಂದ ಬೆಳೆ ಮುಂದಿನ ಒಣ ವಾರದಲ್ಲಿ ಕಮರುತ್ತದೆ. ಎರೆಭೂಮಿಯಲ್ಲಿ ಹದ ಬರಲು ಇನ್ನೂ ಎರಡು-ಮೂರು ದಿನ ಕಾಯಬೇಕು. ಔಷಧಿ ಸಿಂಪಡಿಸುವವರಿಗೆ ಐದಾರು ಗಂಟೆ ಒಣಹವೆ ಬೇಕು, ಆದ್ದರಿಂದ ಮಳೆಯ ಸೂಚನೆ ಇರುವ ದಿನಗಳಲ್ಲಿ ಸಿಂಪರಣೆ ಬೆಳಿಗ್ಗೆಯೇ ಮುಗಿಯಬೇಕು.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು-ಸೆಂಟ್ಸ್‌ನಲ್ಲೇ ಲೆಕ್ಕ ಹಾಕುತ್ತಾರೆ. ನೂರು ಸೆಂಟ್ಸ್‌ಗೆ ಒಂದು ಇಂಚು. ರೊಬಸ್ಟಾ ಕಾಫಿಗೆ ಹೂಮಳೆಯಾಗಿ, ಅಂದರೆ ಮೊಗ್ಗು ಅರಳಿಸುವ ಮಳೆಯಾಗಿ, ಸುಮಾರು ಒಂದು ಇಂಚು ಬೇಕು. ಇಪ್ಪತ್ತು ಸೆಂಟ್ಸ್ ಉದುರಿ ನಿಂತರೆ ಮೊಗ್ಗು ಅರ್ಧ ಅರಳಿ ಕೆಡುತ್ತದೆ, ಹಾಗಾದಾಗ ಸ್ಪ್ರಿಂಕ್ಲರ್ ಇದ್ದವರು ಕೂಡಲೇ ಉಳಿದ ನೀರು ಕೊಡಬೇಕಾಗುತ್ತದೆ. ಹೂ ಅರಳುವುದು ಮಳೆಯಾದ ಎಂಟು-ಹತ್ತು ದಿನಕ್ಕೆ. ಅಂದು ಮತ್ತೆ ಮಳೆ ಬಿದ್ದರೆ ಪರಾಗ ತೊಳೆದುಹೋಗಿ, ಪರಪರಾಗಸ್ಪರ್ಶವನ್ನೇ (ಬೇರೆ ಗಿಡದ ಪರಾಗವನ್ನೇ) ನಂಬಿದ ರೊಬಸ್ಟಾ ಕಾಯಿ ಕಟ್ಟುವುದಿಲ್ಲ. ‘ಮಲೆನಾಡಿನಲ್ಲಿ ಮಳೆ ಸಾಧ್ಯತೆ’ ಎಂಬ ಮೂರು ಪದ ಈ ಬೆಳೆಗಾರನಿಗೆ ಯಾವ ಉಪಯೋಗಕ್ಕೆ?

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದೇ ಹೊತ್ತಿಗೆ ಬೇಸಿಗೆ ಭತ್ತದ ಕೊಯ್ಲು. ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶದ ಮಿತಿ ಶೇ 17. ನೆನೆದ ರಾಶಿಗೆ ತಾಡಪತ್ರಿ ಹೊದಿಸಿ ಮರೆತರೆ ಒಳಗೆ ಬಿಸಿ ಕಟ್ಟಿ ಕಾಳು ಬಣ್ಣ ಕೆಡುತ್ತದೆ, ಮೊಳಕೆಯೂ ಒಡೆಯುತ್ತದೆ. ಬಿಸಿಲು ಬಂದ ತಕ್ಷಣ ತೆಗೆದು ಹರವಬೇಕು. ಆಲಿಕಲ್ಲಿನಿಂದ ಹಾನಿಯಾಗಿದ್ದರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಫಸಲು 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿದ್ದರೆ, ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಈ ಗಡುವು ಹೋದ ಮೇಲೆ ಕಚೇರಿ ಅಲೆಯುವವರೇ ಹೆಚ್ಚು.

ಇನ್ನು ‘ತಂಪು’. ಗರಿಷ್ಠ ತಾಪಮಾನ 2-3 ಡಿಗ್ರಿ ಇಳಿಯುತ್ತದೆ ಎಂದರೆ ಹಗಲಿನ ಮಾತು. ಮೋಡ ಕವಿದ ರಾತ್ರಿ ನೆಲದ ಕಾವು ಹೊರಹೋಗದೆ ಕನಿಷ್ಠ ತಾಪಮಾನ ಏರಲೂಬಹುದು. ಮಂಗಳೂರು, ಕಾರವಾರದಲ್ಲಿ 34 ಡಿಗ್ರಿಯ ಜತೆ ಶೇ 70ರ ತೇವಾಂಶ ಸೇರಿದರೆ ಮೈಗೆ ಅದು 45 ಮೀರಿದ ಧಗೆ. ಕರಾವಳಿಗೆ ಬಿಸಿಗಾಳಿಯ ಮಾನದಂಡ 37 ಡಿಗ್ರಿಯಿಂದ, ಬಯಲಿಗೆ 40ರಿಂದ ಆರಂಭವಾಗುವುದು ಸುಮ್ಮನೆ ಅಲ್ಲ. ಹಾಗಾಗಿ ತಾಪಮಾನದ ಪಕ್ಕದಲ್ಲಿ ವಾಡಿಕೆಗಿಂತ ಎಷ್ಟು ಹೆಚ್ಚು-ಕಡಿಮೆ ಎಂಬ ಅಂಕಿ ಇರಬೇಕು, ಕರಾವಳಿ ಆವೃತ್ತಿಯಲ್ಲಿ ತೇವಾಂಶವೂ.

ಬೇಸಿಗೆ ಮಳೆಯನ್ನು ಮುಂಗಾರಿನ ಪೀಠಿಕೆ ಎಂದು ಹಗುರವಾಗಿ ಕಾಣುವ ಕಾಲವೂ ಇದಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆಯೇ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಅದೇ ನಗರಕ್ಕೆ 307.9 ಮಿ.ಮೀ. ಸುರಿದು, 2023ರ ಮೇ ತಿಂಗಳ 305.4 ಮಿ.ಮೀ. ದಾಖಲೆಯೂ ಅಳಿಸಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆ ಜೂನ್ 1.

ನಮ್ಮ ಕೋರಿಕೆ ಹೆಚ್ಚೇನಲ್ಲ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಪ್ರತಿ ಜಿಲ್ಲೆಗೆ ಒಂದೊಂದು ಸಾಲು ಕೊಡಿ: ಎಷ್ಟು ಕಡೆ, ಎಷ್ಟು ಮಳೆ, ಗಾಳಿಯ ವೇಗ, ಅಲರ್ಟ್ ಬಣ್ಣ. ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಜಿಲ್ಲಾವಾರು ಕೃಷಿ ಹವಾಮಾನ ಸಲಹೆಯನ್ನು ಮರುದಿನವೇ ಸ್ಥಳೀಯ ಪುಟದಲ್ಲಿ ಹಾಕಿ. ಗ್ರಾಮ ಪಂಚಾಯಿತಿಗಳಲ್ಲಿರುವ ಟೆಲಿಮೆಟ್ರಿಕ್ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹೋಬಳಿವಾರು ಮಳೆಯನ್ನು ಒಂದೇ ಅಳತೆಯಲ್ಲಿ, ಮಿಲಿಮೀಟರಿನಲ್ಲಿ, ‘ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆ’ ಎಂಬ ಸೂಚನೆಯೊಂದಿಗೆ ಪ್ರಕಟಿಸಿ. ಆಗ ಓದುಗರೂ ತಮ್ಮ ಅಳತೆ ತಾಳೆ ನೋಡಬಹುದು. ನೇರ ಗೋಡೆಯ, ಸಮತಟ್ಟು ತಳದ ಡಬ್ಬಿಯನ್ನು ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುವಂತೆ, ಮರ-ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ ಇಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಸಾಕು.

ಇತಿ,
ಕೃಷಿ ಹವಾಮಾನ ಸಲಹೆಯಲ್ಲಿ ತೊಡಗಿರುವ ಓದುಗರು, ಹಾಸನ ಜಿಲ್ಲೆ