ಕ್ವಾಲಿಫೈಯಿಂಗ್ ಪರೀಕ್ಷೆಗೆ ಮುಂಚೆ ಮೇಘಾಳಿಗೊಂದು ಪತ್ರ

ಮೈಸೂರು

ಪ್ರೀತಿಯ ಮೇಘಾ,

ಆಶೀರ್ವಾದಗಳು.

ಬರ್ಕ್ಲಿಯಲ್ಲಿ ನಿನ್ನ ಪಿಎಚ್.ಡಿ.ಯ ಎರಡನೇ ವರ್ಷ ಮುಗಿಯುತ್ತಾ ಬಂತು, ಬರುವ ವರ್ಷ ಮೇ ತಿಂಗಳಲ್ಲಿ ಪ್ರಬಂಧ ಶುರುಮಾಡುವ ಮುಂಚಿನ ಮೌಖಿಕ ಪರೀಕ್ಷೆ, ಅದೇ ಕ್ವಾಲಿಫೈಯಿಂಗ್ ಪರೀಕ್ಷೆ ಕೊಡುತ್ತೀಯಂತೆ. "ಅದೊಂದು ಪಾಸಾಗಿಬಿಟ್ಟರೆ ಆಯಿತಲ್ಲ ಅಕ್ಕ" ಅಂದಳು ನಿಮ್ಮಮ್ಮ. ಆಗುವುದಿಲ್ಲ ಕಣಮ್ಮ. ಪರೀಕ್ಷೆ ಪಾಸಾಗುವುದು ಬೇರೆ, ಕ್ಯಾಂಡಿಡಸಿಗೆ, ಅಂದರೆ ಪ್ರಬಂಧ ಬರೆಯುವ ಅಧಿಕೃತ ಹಂತಕ್ಕೆ ಏರುವುದು ಬೇರೆ. ನಡುವೆ ಒಂದು ಅರ್ಜಿ ಇದೆ. ಆ ಅರ್ಜಿಯ ತಾರೀಖಿನ ಮೇಲೆ ದುಡ್ಡು ನಿಂತಿದೆ. ಪ್ರೊಫೆಸರುಗಳ ಬಾಯಲ್ಲಿ ಈ ವಿಷಯ ಬರುವುದು ಕಡಿಮೆ, ಅದಕ್ಕೇ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿಮ್ಮ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ರಾಜ್ಯದ ಹೊರಗಿನವರಿಂದ ಮಾಮೂಲು ಫೀಸಿನ ಮೇಲೆ ನಾನ್‌ರೆಸಿಡೆಂಟ್ ಟ್ಯೂಷನ್ ಅಂತ ವಸೂಲು ಮಾಡುತ್ತದೆ. ಬಹಳ ಕಾಲ ಅದು ವರ್ಷಕ್ಕೆ 15,102 ಡಾಲರ್ ಇತ್ತು. ಟೆಕ್ಸಾಸಿನಿಂದ ಬಂದ ನಿನ್ನ ಸಹಪಾಠಿ ಒಂದು ವರ್ಷ ಅಲ್ಲಿದ್ದು, ಕಾಗದಪತ್ರ ಸರಿಮಾಡಿಕೊಂಡು ಕ್ಯಾಲಿಫೋರ್ನಿಯಾದವಳೇ ಆಗಿಬಿಡಬಹುದು. ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾದವಳಾದ ನಿನಗೆ ಆ ದಾರಿ ಮುಚ್ಚಿದೆ. ಕ್ಯಾಂಡಿಡಸಿಗೆ ಏರಿದರೆ ಮಾತ್ರ ಈ ಮೊತ್ತ ಮೂರು ವರ್ಷ ಪೂರ್ತಿ ಮಾಫಿ. ಆದರೆ ಸೆಮಿಸ್ಟರಿನ ಮೊದಲ ದಿನಕ್ಕೆ ಮುಂಚೆಯೇ ಏರಿರಬೇಕು. ಮೇ ತಿಂಗಳಲ್ಲಿ ಪಾಸಾಗಿ, ಅರ್ಜಿಯನ್ನು ಸೆಪ್ಟೆಂಬರಿಗೆ ಹಾಕಿದರೆ ಆ ಸೆಮಿಸ್ಟರಿನ ಮಾಫಿ ಹೋಯಿತು. ಮೊದಲ ವರ್ಷಗಳಲ್ಲಿ ಇದನ್ನು ಇಲಾಖೆ ಕಟ್ಟುತ್ತಿದ್ದರೆ ಅದು ಎಷ್ಟು ವರ್ಷಕ್ಕೆ ಅಂತ ನಿನ್ನ ಆಫರ್ ಪತ್ರ ತೆಗೆದು ನೋಡು.

ಹಾಗಂತ ಆತುರವೂ ಬೇಡ. ಆ ಮೂರು ವರ್ಷ ಕ್ಯಾಲೆಂಡರ್ ಲೆಕ್ಕ. ನೋಂದಣಿ ಬಿಟ್ಟು ನಿನ್ನ ಪ್ರಬಂಧಕ್ಕಾಗಿ ಪೀಣ್ಯದಲ್ಲಿ ಕೂತು ಗಾರ್ಮೆಂಟ್ಸ್ ಹೆಂಗಸರನ್ನು ಮಾತಾಡಿಸುತ್ತಿದ್ದರೂ ಅದು ಓಡುತ್ತಲೇ ಇರುತ್ತದೆ, ಮುಗಿದ ಮೇಲೆ ಪೂರ್ತಿ ಮೊತ್ತ ವಾಪಸು ಬಂದು ಕೂರುತ್ತದೆ. ಕ್ಯಾಂಡಿಡಸಿಗೆ ಏರಲು ನಿನ್ನ ಓದಿನ ಮೂರನೇ ವರ್ಷದ ಕೊನೆ ಸರಿಯಾದ ಹೊತ್ತು. ಕ್ಷೇತ್ರಕಾರ್ಯಕ್ಕೆ ಬರುವಾಗ ನೋಂದಣಿ ಬಿಡದೆ ಇನ್ ಅಬ್ಸೆನ್ಷಿಯಾ, ಅಂದರೆ ಹೊರಗಿದ್ದುಕೊಂಡೇ ನೋಂದಣಿ ಉಳಿಸಿಕೊಳ್ಳುವ ಅರ್ಜಿ ಹಾಕು, ಫೀಸು ಬಹಳ ಇಳಿಯುತ್ತದೆ.

ಇನ್ನು ಪರೀಕ್ಷೆಯ ಸಮಿತಿ. ನಾಲ್ಕು ಜನ ಬೇಕು, ಒಬ್ಬರು ನಿಮ್ಮ ಇಲಾಖೆಯ ಹೊರಗಿನವರು. ಪರೀಕ್ಷೆಯ ಅಧ್ಯಕ್ಷರಾದವರು ಆಮೇಲೆ ನಿನ್ನ ಪ್ರಬಂಧ ಸಮಿತಿಯ ಅಧ್ಯಕ್ಷರಾಗುವಂತಿಲ್ಲ. ಇದನ್ನು ತಿಳಿಯದೆ ಹುಡುಗರು ತಮ್ಮ ಗೈಡನ್ನೇ ಅಧ್ಯಕ್ಷರಾಗಿ ಅಂತ ಕೇಳಿಬಿಡುತ್ತಾರೆ, ಆಮೇಲೆ ಹೆಸರು ಅದಲುಬದಲು ಮಾಡಲು ಒದ್ದಾಡುತ್ತಾರೆ. ಹೊರಗಿನವರನ್ನು ಕೊನೇ ಗಳಿಗೆಯಲ್ಲಿ ಹುಡುಕಬೇಡ. ಭೂಗೋಳ ಅಥವಾ ಇತಿಹಾಸ ವಿಭಾಗದಲ್ಲಿ ಯಾರ ಬಳಿಯಾದರೂ ಒಂದು ಕೋರ್ಸು ಮಾಡಿಕೊಂಡಿರು. ಸಬಾಟಿಕಲ್ ರಜೆ ಯಾರಿಗಿದೆ ಅಂತ ಈಗಲೇ ಕೇಳು. ಪರೀಕ್ಷೆಯ ಅರ್ಜಿ ಕನಿಷ್ಠ ನಾಲ್ಕು ವಾರ ಮೊದಲೇ ಹೋಗಲಿ. ಗ್ರೇಡುಗಳ ಸರಾಸರಿ 3.0ಕ್ಕೆ ಕಡಿಮೆ ಇರಬಾರದು, ಎರಡಕ್ಕಿಂತ ಹೆಚ್ಚು ಮುಗಿಸದ ಕೋರ್ಸು, ಅಂದರೆ ಇನ್‌ಕಂಪ್ಲೀಟ್ ಇರಬಾರದು. ಸೆಮಿನಾರಿನ ಬಾಕಿ ಪೇಪರುಗಳನ್ನು ಈ ಬೇಸಿಗೆಯಲ್ಲೇ ಮುಗಿಸು.

ಓದಿನ ವಿಷಯಕ್ಕೆ ಬರುತ್ತೇನೆ. ಮೂರು ವಿಷಯಕ್ಷೇತ್ರ, ಓದಬೇಕಾದ ಪುಸ್ತಕ ಲೇಖನಗಳ ಮೂರು ಪಟ್ಟಿ. ಪಟ್ಟಿ ಉದ್ದವಾದಷ್ಟೂ ಪರೀಕ್ಷಕರಿಗೆ ಅನುಕೂಲ, ನಿನಗಲ್ಲ. ಒಂದೊಂದೂ 60 ದಾಟದಂತೆ ಕಾಯ್ದುಕೋ. ಒಟ್ಟು 180, ವಾರಕ್ಕೆ ಆರರಂತೆ 30 ವಾರ. ಆಗಸ್ಟ್ ನಡುವಿನಲ್ಲಿ ಹಿಡಿದರೆ ಮಾರ್ಚ್ ನಡುವಿಗೆ ಮುಗಿಯುತ್ತದೆ. ಉಳಿದ ವಾರಗಳಲ್ಲಿ ಹೊಸದೇನೂ ಓದಬೇಡ, ಬಾಯಿಬಿಟ್ಟು ಮಾತಾಡಿ ಅಭ್ಯಾಸ ಮಾಡು.

ನಮ್ಮಲ್ಲಿ ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ ಬರೆದವರಿಗೆ ಒಂದು ರೂಢಿ ಅಂಟಿರುತ್ತದೆ: ಹೆಸರು, ಇಸವಿ, ಒಂದು ಸಾಲಿನ ಸಾರಾಂಶ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವುದಕ್ಕೆ ಅಷ್ಟು ಸಾಕು, ಮೌಖಿಕ ಪರೀಕ್ಷೆಗೆ ಸಾಲದು. ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನವನ್ನೇ ತೆಗೆದುಕೋ. "ದುರ್ಬಲ ಸಂಬಂಧಗಳಿಂದ ಕೆಲಸ ಸಿಗುತ್ತದೆ" ಅಂತ ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ. ಒಳಗೆ ಹೋಗಿ ನೋಡು. ಪರಿಚಯದವರ ಮೂಲಕ ಕೆಲಸ ಹಿಡಿದ 54 ಮಂದಿಯಲ್ಲಿ, ಆ ಪರಿಚಯದವರನ್ನು ಪದೇಪದೇ ಕಾಣುತ್ತಿದ್ದವರು ಶೇ. 16.7, ಆಗೀಗ ಕಾಣುತ್ತಿದ್ದವರು ಶೇ. 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇ. 27.8. ಪದೇಪದೇ ಅಂದರೆ ವಾರಕ್ಕೆ ಎರಡು ಸಲವಾದರೂ; ಅಪರೂಪ ಅಂದರೆ ವರ್ಷಕ್ಕೊಂದು ಸಲ, ಇಲ್ಲ ಅದಕ್ಕೂ ಕಡಿಮೆ. ಇವೆರಡರ ನಡುವೆ ಬರುವ ಎಲ್ಲರೂ "ಆಗೀಗ". ವಾರಕ್ಕೊಮ್ಮೆ ಕಾಫಿ ಕುಡಿಯುವ ಗೆಳತಿಯೂ ಅದರಲ್ಲೇ, ಆರು ತಿಂಗಳಿಗೊಮ್ಮೆ ಸಿಗುವ ಹಳೇ ಸಹೋದ್ಯೋಗಿಯೂ ಅದರಲ್ಲೇ. ಇಷ್ಟು ಅಗಲದ ಗುಂಪಿಗೆ ದುರ್ಬಲ ಅನ್ನಬಹುದೇ? ಎಷ್ಟು ಸಲ ಭೇಟಿ ಅನ್ನುವುದು ಸಂಬಂಧದ ಬಲಕ್ಕೆ ಸರಿಯಾದ ಅಳತೆಯೇ? ಅದರ ಪಕ್ಕದಲ್ಲೇ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಬಿಯಾನ್ 1997ರಲ್ಲಿ ಬರೆದದ್ದನ್ನು ಇಡು. ಸರ್ಕಾರವೇ ಕೆಲಸ ಹಂಚುತ್ತಿದ್ದ ಕಾಲದ ಚೀನಾದ ಟಿಯಾಂಜಿನ್ ನಗರದಲ್ಲಿ ಕೆಲಸ ಕೊಡಿಸಿದ್ದು ಗಟ್ಟಿ ಸಂಬಂಧ. ಸುದ್ದಿ ದಾಟುವುದಕ್ಕೆ ಪರಿಚಯ ಸಾಕು, ವಶೀಲಿ ದಾಟುವುದಕ್ಕೆ ನಂಬಿಕೆ ಬೇಕು. ಪೀಣ್ಯದಲ್ಲಿ ಹೊಲಿಗೆ ಕೆಲಸಕ್ಕೆ ಹುಡುಗಿಯರನ್ನು ಕರೆತರುವವರು ಯಾರು ಅನ್ನುವ ನಿನ್ನ ಪ್ರಶ್ನೆ ಇವರಿಬ್ಬರ ನಡುವೆಯೇ ಇದೆಯಲ್ಲ! ಪ್ರತಿ ಓದಿಗೂ ಒಂದು ಪುಟ ಸಾಕು: ಯಾರ ವಿರುದ್ಧ ವಾದ, ಪುರಾವೆ ಏನು, ಅಳತೆ ಹೇಗೆ, ಎಲ್ಲಿ ಮುರಿಯುತ್ತದೆ, ಮುರಿದವರು ಯಾರು.

ಪರೀಕ್ಷೆ ಎರಡರಿಂದ ಮೂರು ಗಂಟೆ. ಉತ್ತರ ಮೂರ್ನಾಲ್ಕು ನಿಮಿಷಕ್ಕೆ ನಿಲ್ಲಲಿ. ನೀನು ಸುಮ್ಮನಾದರೆ ಅವರು ಮುಂದಿನದನ್ನು ಕೇಳುತ್ತಾರೆ. ನಿಲ್ಲಿಸದೆ ಹೋದರೆ ನಿನ್ನ ಮಾತಿನಲ್ಲೇ ಎಳೆ ಹಿಡಿದು ಎಳೆಯುತ್ತಾರೆ. ಓದಿಲ್ಲದ್ದನ್ನು ಓದಿಲ್ಲ ಅನ್ನು. ಪಟ್ಟಿಯಲ್ಲಿರುವುದನ್ನೇ ಓದಿಲ್ಲ ಅನ್ನುವ ಹಾಗೆ ಮಾತ್ರ ಮಾಡಿಕೊಳ್ಳಬೇಡ. ಪರೀಕ್ಷಕರಿಬ್ಬರು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರೆ ಪಕ್ಷ ಹಿಡಿಯಬೇಡ, ಇಬ್ಬರ ಭಿನ್ನಾಭಿಪ್ರಾಯ ಎಲ್ಲಿದೆ ಅಂತ ಒಂದು ಮಾತಿನಲ್ಲಿ ತೋರಿಸಿ ಸುಮ್ಮನಿರು.

ಪಾಸು ಅನ್ನಲು ನಾಲ್ವರೂ ಒಪ್ಪಬೇಕು. ಒಂದು ಕ್ಷೇತ್ರದಲ್ಲಷ್ಟೇ ಎಡವಿದರೆ ಭಾಗಶಃ ಫೇಲು, ಅದನ್ನಷ್ಟೇ ಮತ್ತೆ ಕೊಡಬೇಕು. ಎರಡನೇ ಅವಕಾಶ ಕನಿಷ್ಠ ಮೂರು ತಿಂಗಳ ಮೇಲೆ, ಮೂರನೆಯದು ಇಲ್ಲ. ಮೇ ತಿಂಗಳಲ್ಲಿ ಹಾಗಾದರೆ ಆಗಸ್ಟಿನಲ್ಲಿ ಸೆಮಿಸ್ಟರ್ ಶುರುವಾಗುವ ಮುಂಚೆ ಕ್ಯಾಂಡಿಡಸಿಗೆ ಏರುವ ಗಡುವು ಕೈತಪ್ಪುವುದು ಬಹುತೇಕ ಖಚಿತ. ಆ ಖರ್ಚಿನ ಲೆಕ್ಕವನ್ನು ಇಲಾಖೆಯ ಆಫೀಸಿನಲ್ಲಿ ಮುಂಚೆಯೇ ಮಾತಾಡಿಟ್ಟಿರು.

ಪಾಸಾದ ವಾರವೇ ಕ್ಯಾಂಡಿಡಸಿ ಅರ್ಜಿ ಹಾಕು, 90 ಡಾಲರ್ ಶುಲ್ಕ. ಅದರಲ್ಲಿ ಪ್ರಬಂಧ ಸಮಿತಿಯ ಹೆಸರುಗಳಿರಬೇಕು, ಜನರ ಮೇಲೆ ಸಂಶೋಧನೆ ಮಾಡುವವಳಾದ್ದರಿಂದ ಅದರ ನೀತಿನಿಯಮ ಕಲಿಸುವ ಸಿಟಿಐ ತರಬೇತಿಯ ಪ್ರಮಾಣಪತ್ರವೂ ಇರಬೇಕು. ತರಬೇತಿ ಆನ್‌ಲೈನಿನಲ್ಲೇ ಆಗುತ್ತದೆ, ಈ ಬೇಸಿಗೆಯಲ್ಲೇ ಮಾಡಿಬಿಡು. ನೈತಿಕ ಸಮಿತಿಯ ಒಪ್ಪಿಗೆಯೇ ಬೇರೆ. ಅದು ಸಿಗುವ ಮುಂಚೆ ಪೀಣ್ಯದಲ್ಲಿ ಮಾಡಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ.

ಟಿಪ್ಪಣಿಗಳ ಪ್ರತಿಗಳನ್ನು ಬೇರೆಬೇರೆ ಕಡೆ ಇಡು. ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರಿನ ಹಳ್ಳಿಯ ಬಗ್ಗೆ 18 ವರ್ಷ ತಿದ್ದಿ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ ಬಿದ್ದವು. ಪ್ರತಿ ಮೂರಿದ್ದವು, ಮೂರೂ ಒಂದೇ ಕೋಣೆಯಲ್ಲಿದ್ದವು.

ಹೊರಗಿನ ಸದಸ್ಯರು ಯಾರೆಂದು ನಿಶ್ಚಯವಾದ ಮೇಲೆ ಬರೆ. ಪಟ್ಟಿಗಳನ್ನೂ ಕಳಿಸು, ಕತ್ತರಿ ಹಾಕೋಣ.

ಇಂತಿ,
ನಿನ್ನ ದೊಡ್ಡಮ್ಮ