ಇಂಗ್ಲಿಷ್ ಉಚ್ಚಾರ: ತರಗತಿಯಲ್ಲೇ ಬಾಯಿ ಬಿಡಿಸಿ

ಮಾನ್ಯ ಸಂಪಾದಕರೆ,

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪದವಿ ವಿದ್ಯಾರ್ಥಿಗಳು ಕ್ಯಾಂಪಸ್ ಸಂದರ್ಶನದಲ್ಲಿ ಹಿಂದೆ ಬಿದ್ದರೆ ‘ಇಂಗ್ಲಿಷ್ ಬರೋದಿಲ್ಲ’ ಎಂದು ಷರಾ ಬರೆದುಬಿಡುತ್ತಾರೆ. ವ್ಯಾಕರಣ ಗಟ್ಟಿಯಿರುವ ಹುಡುಗ ಹುಡುಗಿಯರೂ ಈ ಮಾತು ಕೇಳಬೇಕಾಗಿದೆ. ತೊಡಕಿರುವುದು ಉಚ್ಚಾರದಲ್ಲಿ, ಅದೂ ತಿದ್ದಬಹುದಾದ ಕೆಲವೇ ಕಡೆ.

ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡುತ್ತವೆ. ಬರೆದಂತೆ ಓದಿ ರೂಢಿಯಾದ ನಮ್ಮ ಮಕ್ಕಳು ಪಾಠದ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲೇ ಬರೆದುಕೊಂಡು ಓದುತ್ತಾರೆ. ತಪ್ಪು ಅಲ್ಲೇ ಬೇರೂರುತ್ತದೆ. ‘ರೇಜ್’ ಎಂದು ಬರೆದುಕೊಂಡರೆ ಅದು ಸಂಬಳದ ಏರಿಕೆಯೋ, ಸಿಟ್ಟೋ? ಮೊದಲನೆಯದರ ಕೊನೆಗಿರುವುದು ಝಡ್ ಧ್ವನಿ, ಎರಡನೆಯದರಲ್ಲಿ ನಮ್ಮ ‘ಜ’. ‘ಜ’ಕ್ಕೆ ನಾಲಿಗೆ ಅಂಗುಳ ಮುಟ್ಟುತ್ತದೆ, ಝಡ್‌ಗೆ ಮುಟ್ಟಬಾರದು. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಎಂದು ಎಳೆಯಲಿ. ನಾಲಿಗೆ ಕದಲಿಸದೆ ದನಿ ಕೂಡಿಸಲಿ. ಬೆರಳಿಗೆ ನಡುಕ ಸಿಕ್ಕರೆ ಧ್ವನಿ ಬಂದಂತೆ. ಉರ್ದು ಮನೆಮಾತಿನ ಸಹಪಾಠಿಗಳಿಗೆ ‘ಜ಼ಮೀನ್’, ‘ರೋಜ಼್’ ಎನ್ನುವಾಗ ಇದು ಸಲೀಸು. ಕಲಬುರಗಿಯ ತರಗತಿಗಳಲ್ಲಿ ಈ ಅನುಕೂಲ ಪಕ್ಕದ ಬೆಂಚಿನಲ್ಲೇ ಇದ್ದರೂ ನಾವು ಬಳಸಿಕೊಂಡಿಲ್ಲ.

ವಿ ಮತ್ತು ಡಬ್ಲ್ಯು ಬೆರೆಯುವುದು ಇನ್ನೊಂದು. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು; ಡಬ್ಲ್ಯುಗೆ ಹಲ್ಲಿನ ಕೆಲಸವಿಲ್ಲ, ತುಟಿ ದುಂಡಗಾದರಾಯಿತು. ‘ವರ್ಕೆಡ್’, ‘ಆಸ್ಕೆಡ್’ ಎನ್ನುವವರೂ ಬಹಳ. ಭೂತಕಾಲದ ಕೊನೆಗೆ ‘ಇಡ್’ ಬರುವುದು ಟ, ಡ ಧ್ವನಿಗಳ ನಂತರ ಮಾತ್ರ (ವಾಂಟಿಡ್, ನೀಡಿಡ್). ಉಳಿದಂತೆ ‘ವರ್ಕ್ಟ್’, ‘ಪ್ಲೇಡ್’.

ಎಲ್ಲಕ್ಕಿಂತ ಹೆಚ್ಚು ಅರ್ಥ ಕೆಡಿಸುವುದು ಒತ್ತು. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ‘ಫೋಟೊಗ್ರಾಫ್’ನ ಒತ್ತು ‘ಫೋ’ ಮೇಲೆ, ‘ಫಟಾಗ್ರಫಿ’ಯಲ್ಲಿ ‘ಟಾ’ ಮೇಲೆ. ‘ಡೆವಲಪ್’ನಲ್ಲಿ ನಡುವಿನ ಅಕ್ಷರದ ಮೇಲೆ. ನಿಘಂಟಿನಲ್ಲಿ ಒತ್ತಿನ ಭಾಗದ ಮುಂಚೆ ಸಣ್ಣ ಲಂಬಗೆರೆ ಇರುತ್ತದೆ. ಕೇಂಬ್ರಿಜ್, ಆಕ್ಸ್‌ಫರ್ಡ್ ನಿಘಂಟುಗಳಲ್ಲಿ ಉಚ್ಚಾರವನ್ನು ಮೊಬೈಲಿನಲ್ಲೇ ಪುಕ್ಕಟೆ ಕೇಳಬಹುದು. ‘ಯೆಗ್’, ‘ವೋನ್ಲಿ’ ಎಂಬ ಊರಿನ ಸೊಗಡನ್ನು ತಿದ್ದುವ ಅವಸರವಿಲ್ಲ. ಅದಕ್ಕೆ ನಕ್ಕು ಮಕ್ಕಳ ಬಾಯಿ ಕಟ್ಟುವುದಂತೂ ಬೇಡವೇ ಬೇಡ.

ಧ್ವನಿಶಾಸ್ತ್ರದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದರೆ ಇದು ಬರುವುದಿಲ್ಲ. ಪ್ರತಿ ಇಂಗ್ಲಿಷ್ ತರಗತಿಯ ಮೊದಲ 10 ನಿಮಿಷ ಇಬ್ಬಿಬ್ಬರನ್ನು ಜೋಡಿ ಮಾಡಿ ಐದಾರು ಪದ ಹೇಳಿಸಲಿ, ಮೊಬೈಲಿನಲ್ಲಿ ಮುದ್ರಿಸಿ ನಿಘಂಟಿನ ದನಿಯ ಜೊತೆ ಹೋಲಿಸಲಿ. ಈ ಭಾಗದ ವಿಶ್ವವಿದ್ಯಾಲಯಗಳು ಇಂಗ್ಲಿಷಿನ ಆಂತರಿಕ ಅಂಕಗಳಲ್ಲಿ 5 ಅಂಕವನ್ನಾದರೂ ಗಟ್ಟಿಯಾಗಿ ಓದುವುದಕ್ಕೆ ಮೀಸಲಿಡಬೇಕು.

– ಪದವಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು, ಕಲಬುರಗಿ