ಗೀಟು ಎಳೆದರೆ ವಿಲ್ ರದ್ದಾಗೋದಿಲ್ಲ

ಮಾನ್ಯರೇ,

ಸೇಡಂ ತಾಲ್ಲೂಕಿನಲ್ಲಿ ಬಾಂಡ್ ರೈಟರ್ ಆಗಿ ಬದುಕು ಕಳೆದವನು ನಾನು. ವಿಲ್ ಬರೆಸೋಕೆ ಬರುವವರು ಹತ್ತು ಸಲ ಯೋಚಿಸುತ್ತಾರೆ. ಅದನ್ನು ರದ್ದು ಮಾಡೋಕೆ ಮಾತ್ರ ಒಂದು ಕೆಂಪು ಪೆನ್ನು ಸಾಕು ಅಂದುಕೊಂಡಿರುತ್ತಾರೆ.

ನಮ್ಮ ಓಣಿಯ ಹಿರಿಯರೊಬ್ಬರು ತಾವೇ ಗಳಿಸಿದ ತೊಗರಿ ಹೊಲವನ್ನು ದೊಡ್ಡ ಮಗನಿಗೆ ವಿಲ್ ಬರೆದು ರಿಜಿಸ್ಟರ್ ಮಾಡಿಸಿದ್ದರು. ಆಮೇಲೆ ಮಗನ ಜೊತೆ ಜಗಳ ಬಂತು. ವಿಲ್ ಮೇಲೆ ಅಡ್ಡಗೀಟು ಎಳೆದು, 'ರದ್ದು' ಅಂತ ಬರೆದು ಸಹಿ ಹಾಕಿದರು. ಕಟ್ಟೆಗೆ ಕೂತವರಿಗೆಲ್ಲ ಹೇಳಿದರು ಕೂಡ. ಸಾಕ್ಷಿಗಳ ಸಹಿ ಮಾತ್ರ ಇಲ್ಲ! ಅವರು ತೀರಿಕೊಂಡ ಮೇಲೆ ದೊಡ್ಡವನು ವಿಲ್‌ನ ದೃಢೀಕೃತ ನಕಲು ತೆಗೆಸಿ ಪಹಣಿಗೆ ಹೆಸರು ಸೇರಿಸಲು ಅರ್ಜಿ ಕೊಟ್ಟ. ತಂಗಿಯರು ಗೀಟೆಳೆದ ಕಾಗದ ಹಿಡಿದು ಬಂದರು. ಈಗ ಕೋರ್ಟು. ನಮ್ಮ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸಾಚಾ ಅಂತ ಕೋರ್ಟು ಕೊಡುವ ಪ್ರಮಾಣಪತ್ರ, ಕಡ್ಡಾಯ ಅಲ್ಲ, ಹಾಗಾಗಿ ತಕರಾರು ಹೆಚ್ಚಾಗಿ ಹೀಗೇ ಪಹಣಿಯಿಂದ ಶುರುವಾಗುತ್ತದೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 70ನೇ ಕಲಂ ಓದಿದರೆ ತಂಗಿಯರ ಪಾಡು ಕಷ್ಟವೇ. ವಿಲ್ ರದ್ದಾಗಬೇಕಾದರೆ ಬರೆದವರು ಹೊಸ ವಿಲ್ ಬರೆಯಬೇಕು. ಇಲ್ಲವೇ ರದ್ದು ಮಾಡಿದ್ದೇನೆ ಅಂತ ಬರೆದು, ವಿಲ್‌ಗೆ ಹಾಕಿಸಿದಂತೆಯೇ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು. ಅದೂ ಬೇಡ ಅಂದರೆ ರದ್ದು ಮಾಡುವ ಮನಸ್ಸಿನಿಂದ ತಾವೇ ಹರಿಯಬೇಕು, ಸುಡಬೇಕು, ಅಥವಾ ತಮ್ಮ ಕಣ್ಣೆದುರೇ ಬೇರೆಯವರಿಗೆ ಹೇಳಿ ಮಾಡಿಸಬೇಕು. ಝೆರಾಕ್ಸ್ ಹರಿದರೆ ಲೆಕ್ಕಕ್ಕಿಲ್ಲ. ಮನೆಯವರು ಕದ್ದು ಸುಟ್ಟರೂ ವಿಲ್ ಸಾಯೋದಿಲ್ಲ, ನಕಲಿನಿಂದ ಸಾಬೀತು ಮಾಡಬಹುದು. ತೀರಿಕೊಂಡವರ ಹತ್ತಿರವೇ ಇದ್ದ ಅಸಲು ಸಿಗದೇ ಹೋದರೆ ಮಾತ್ರ, ಅವರೇ ಹರಿದಿರಬಹುದಾ ಅನ್ನೋ ಪ್ರಶ್ನೆ ಏಳುತ್ತದೆ. ಆಗ ಟ್ರಂಕಿನ ಕೀಲಿ ಯಾರ ಹತ್ತಿರ ಇತ್ತು ಅನ್ನೋದೂ ವಿಚಾರಣೆಗೆ ಬರುತ್ತದೆ.

"ಎರಡನೇ ವಿಲ್ ಹರಿದರೆ ಮೊದಲಿಂದು ತಾನೇ ಎದ್ದು ಬರ್ತದಲ್ರಿ?" ಅಂತ ಕೇಳುವವರು ಬಹಳ. ಬರೋದಿಲ್ಲ. ಒಮ್ಮೆ ರದ್ದಾದದ್ದನ್ನು ಮತ್ತೆ ಸಾಕ್ಷಿಗಳ ಮುಂದೆ ಬರೆಸಬೇಕು, 73ನೇ ಕಲಂ. ಇಲ್ಲದಿದ್ದರೆ ವಿಲ್ಲೇ ಇಲ್ಲ ಅಂತಾಗಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳಿಗೆ ಸಮಪಾಲು. ರಿಜಿಸ್ಟರ್ ಆದ ವಿಲ್ಲೇ ದೊಡ್ಡದು ಅನ್ನೋದೂ ಸುಮ್ನೆ ಮಾತು. ಆಮೇಲೆ ಬಿಳಿ ಹಾಳೆಯಲ್ಲಿ ಸರಿಯಾಗಿ ಬರೆದ ವಿಲ್ಲೂ ಅದನ್ನು ರದ್ದು ಮಾಡಬಲ್ಲದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಹಳ್ಳಿ ಶಿಬಿರಗಳಲ್ಲಿ ಇದನ್ನು ಹೇಳಲಿ. ಉಪನೋಂದಣಿ ಕಚೇರಿಗಳಲ್ಲಿ ವಿಲ್ ರದ್ದು ಮಾಡುವ ಬಗೆಯನ್ನು ಬೋರ್ಡಿನಲ್ಲಿ ಬರೆಸಲಿ, ವಯಸ್ಸಾದವರಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.

– ನಿವೃತ್ತ ಪತ್ರ ಬರಹಗಾರ, ಸೇಡಂ, ಕಲಬುರಗಿ ಜಿಲ್ಲೆ